ಉಚ್ಚೆಗೆ ಶೇಕಡಾ ಎಷ್ಟು

ಆಗ ನನಗೆ ಅರವತ್ತಾರು. ನಾಲ್ಕು ವರ್ಷದ ಹಿಂದಿನ ಮಾತು. ನನ್ನ ಗಂಡ ಮಿಲ್ಟ್ರಿಯಲ್ಲಿದ್ದವರು. ಅಲ್ಲಿ ಲಾರಿ ಕಮರಿಗೆ ಉರುಳಿ ಬೆನ್ನುಮೂಳೆಗೆ ಪೆಟ್ಟು ಬಿದ್ದಿತ್ತು. ಬೆನ್ನಿಗೆ ಶೇಕಡಾ ಇಷ್ಟು ಊನ ಎಂದು ಬರೆದು, ಆ ಲೆಕ್ಕಕ್ಕೆ ಪಿಂಚಣಿ ಕಟ್ಟಿ ಮನೆಗೆ ಕಳಿಸಿದ್ದರು. ವಯಸ್ಸಾದಂತೆ ಅದೇ ಪೆಟ್ಟು ಕೆಳಕ್ಕಿಳಿದು ಉಚ್ಚೆ ನಿಲ್ಲದಂತಾಯಿತು. ಬಂದದ್ದು ಅವರಿಗೇ ಗೊತ್ತಾಗುತ್ತಿರಲಿಲ್ಲ.

ಊರಲ್ಲಿ ಇದು ಯಾರಿಗೂ ತಿಳಿಯಬಾರದು ಎಂದು ಅವರ ಆರ್ಡರು. ನನ್ನ ಹಳೇ ಸೀರೆ ಹರಿದು, ಮಡಿಸಿ ಕಟ್ಟುತ್ತಿದ್ದೆ. ಒಗೆದದ್ದನ್ನು ಕೊಟ್ಟಿಗೆಯ ಹಿಂದೆ, ಮೇಲೊಂದು ಸೀರೆ ಮುಚ್ಚಿ ಒಣಗಿಸಬೇಕು, ಕಳ್ಳಮಾಲು ಒಣಗಿಸಿದ ಹಾಗೆ. ನನ್ನ ಬೆರಳ ಗಿಣ್ಣು ಊದಿ ಹಿಂಡಲಾಗದೆ ಹೋದರೂ ಆರ್ಡರು ಬದಲಾಗಲಿಲ್ಲ.

ಆ ವರ್ಷ ಮಾಜಿ ಸೈನಿಕರ ಊನ ಮತ್ತೆ ಅಳೆಯಲು ಮಧುಗಿರಿಗೆ ಮಿಲ್ಟ್ರಿ ಡಾಕ್ಟರು ಬಂದು ಎರಡು ದಿನ ಕೂರುತ್ತಾರೆಂದು ತಿಳಿಯಿತು. ಉಚ್ಚೆಯ ತೊಂದರೆಯನ್ನೂ ಬೆನ್ನಿನ ಜೊತೆ ಸೇರಿಸಿದರೆ ಶೇಕಡಾ ಏರುತ್ತದೆ, ನೋಡಿಕೊಳ್ಳಲು ಆಳಿಡುವುದಕ್ಕೆ ಸರ್ಕಾರವೇ ದುಡ್ಡು ಕೊಡುತ್ತದೆ ಎಂದು ಕೊಡಿಗೇನಹಳ್ಳಿಯ ಇನ್ನೊಬ್ಬ ಮಾಜಿ ಸೈನಿಕರು ಹೇಳಿದರು. ಉಚ್ಚೆಗೂ ಮಾರ್ಕು ಹಾಕುವವರಿದ್ದಾರೆಂದು ನನಗೆ ಅಂದೇ ಗೊತ್ತಾದದ್ದು. ಹಾಕಿಕೊಳ್ಳಲಿ. ಹಿಂಡುವುದಕ್ಕೆ ಇನ್ನೆರಡು ಕೈ ಸಿಕ್ಕರೆ ನನಗೆ ಸಾಕಿತ್ತು.

ನಮ್ಮ ಕಡೆ ಬಸ್ಸು ಹತ್ತುವ ಮುಂಚೆ ಹೆಂಗಸರು ನೀರು ಕುಡಿಯುವುದಿಲ್ಲ. ದಾರಿಯಲ್ಲಿ ಎಲ್ಲಿ ಹೋಗುವುದು? ಗಂಡಸರಿಗೆ ಯಾವ ಬೇಲಿಯಾದರೂ ಆದೀತು. ನಮ್ಮ ಯಜಮಾನರು ಮಾತ್ರ ಹೆಂಗಸರ ಈ ವ್ರತವನ್ನು ಕಲಿತುಬಿಟ್ಟಿದ್ದರು. ಹಿಂದಿನ ದಿನ ಮಧ್ಯಾಹ್ನದಿಂದಲೇ ಬಾಯಿಗೆ ಹನಿ ನೀರು ಬಿಡಲಿಲ್ಲ. ಬೆಳಿಗ್ಗೆ ಮುದ್ದೆಗೆ ಸಾರೂ ಬೇಡವೆಂದರು. ಇಸ್ತ್ರಿ ಪ್ಯಾಂಟು ಹಾಕಿ, ಎದೆಗೆ ಮೆಡಲು ಚುಚ್ಚಿಕೊಂಡು, ಮದುವೆಗೆ ಹೊರಟವರಂತೆ ನಿಂತರು.

"ಎರಡು ಗುಟುಕು ಕುಡೀರಿ, ತುಟಿ ಒಡ್ದೈತೆ" ಎಂದೆ.

"ಆಫೀಸರ್ ಮುಂದೆ ಒದ್ದೆ ಮಾಡ್ಕಂಡು ನಿಂತ್ಕಬೇಕಾ ನಾನು?" ಎಂದು ರೇಗಿದರು.

ಅದನ್ನು ತೋರಿಸುವುದಕ್ಕೇ ಹೋಗುತ್ತಿದ್ದೇವೆ ಎಂಬುದು ಆ ತಲೆಗೆ ಹತ್ತಲಿಲ್ಲ.

ಮೊದಲ ದಿನವೇ ಮಧುಗಿರಿಗೆ ಹೋದೆವು. ಡಾಕ್ಟರ ಕೋಣೆಯ ಹೊರಗೆ ನನ್ನನ್ನು ಕೂರಿಸಿದರು. ಬಾಗಿಲು ತೆರೆದೇ ಇತ್ತು. ದಿನಕ್ಕೆ ಎಷ್ಟು ಸಲ ಬಟ್ಟೆ ಬದಲಾಯಿಸುತ್ತೀರಿ ಎಂದು ಡಾಕ್ಟರು ಕೇಳಿದ್ದು ನನಗೆ ಕೇಳಿಸಿತು. ಇವರು ಎದೆ ಸೆಟೆಸಿ, ಅಂಥಾದ್ದೇನಿಲ್ಲ ಸಾರ್, ಯಾವಾಗಲೋ ಒಮ್ಮೆ ಎಂದರು. ಡಾಕ್ಟರು ನೋಡಿದರೆ ಎಲ್ಲ ಒಣಒಣ. ಈ ವಯಸ್ಸಿಗೆ ಚೆನ್ನಾಗಿದ್ದೀರಿ ಎಂದು ಬೆನ್ನು ತಟ್ಟಿದರು. ನಾನು ಎದ್ದು ಬಾಗಿಲಿಗೆ ಹೋಗುವಷ್ಟರಲ್ಲಿ ಮುಂದಿನವರನ್ನು ಕರೆದಾಗಿತ್ತು. ಕಂಡದ್ದಕ್ಕೆ ಮಾತ್ರ ಮಾರ್ಕು ಕೊಡುವ ಮೇಷ್ಟ್ರು, ಕಾಣದಂತೆ ಬಚ್ಚಿಡುವ ಶಿಷ್ಯ, ಒಳ್ಳೇ ಜೋಡಿ.

ಬಸ್ ಸ್ಟ್ಯಾಂಡಿನಲ್ಲಿ ಇವರು ಯುದ್ಧ ಗೆದ್ದವರಂತೆ ಒಂದು ಬಾಟಲಿ ನೀರು ಕುಡಿದು, ಅದರ ಮೇಲೆ ಎಳನೀರು ಕುಡಿದರು. ಬಸ್ಸು ಅರ್ಧ ದಾರಿ ಬರುವಷ್ಟರಲ್ಲಿ ಕಟ್ಟಿದ್ದ ಬಟ್ಟೆ ತುಂಬಿ, ಸೀಟು ತೊಯ್ದು, ಕೆಳಗೆ ಹರಿಯಿತು.

"ಏನ್ ಮಿಲ್ಟ್ರಿ ಯಜಮಾನ್ರೇ, ಬಸ್ಸು ತೊಳೆಯಾಕೆ ಬಂದ್ಬುಟ್ರಾ?" ಎಂದ ಕಂಡಕ್ಟರು.

"ಬಾಟ್ಲು ಉಳ್ಳೋಯ್ತು ಕಣಪ್ಪ" ಎಂದರು ಇವರು.

"ಬಾಟ್ಲಲ್ಲ, ಉಚ್ಚೆ" ಎಂದೆ ನಾನು. "ದೇಶ ಕಾಯಾಕೋಗಿ ಬೆನ್ನು ಮುರ್ದು ಹಿಂಗಾಗೈತೆ. ಬಾಯಿ ಮುಚ್ಕಂಡು ಒಂದ್ ಬಟ್ಟೆ ಕೊಡು, ಒರಸ್ತೀನಿ."

ಬಸ್ಸು ತುಂಬ ಊರಿನವರೇ ಇದ್ದರು. ಕೇಳಿ ಯಾರೂ ಸತ್ತು ಬೀಳಲಿಲ್ಲ. ಕಂಡಕ್ಟರು ಒಂದು ಗೋಣಿಚೀಲ ತಂದುಕೊಟ್ಟು ಆಚೆ ಹೋದ.

ಮನೆಗೆ ಬಂದವರು ಗೋಡೆಗೆ ಮುಖ ಮಾಡಿ ಮಲಗಿದರು. ನಾನು ಅವರ ಮಾನ ಕಳೆದೆನಂತೆ. ಒದ್ದೆ ಪ್ಯಾಂಟು ಹಿಂಡುವುದಕ್ಕೆ ಮಾತ್ರ ಆ ಮಾನ ಎದ್ದು ಬರಲಿಲ್ಲ.

ಮಾರನೆಯ ಬೆಳಿಗ್ಗೆ ತಂಬಿಗೆ ತುಂಬ ಮಜ್ಜಿಗೆ ಮಾಡಿ ಅವರ ಮುಂದೆ ಕುಕ್ಕಿದೆ. ಅದು ಖಾಲಿಯಾಗುವವರೆಗೂ ಬಾಗಿಲು ಬಿಟ್ಟು ಕದಲಲಿಲ್ಲ. ಮೊದಲ ಬಸ್ಸಿಗೆ ಹತ್ತಿಸಿಕೊಂಡು ಹೋಗಿ, ಯಾರನ್ನೂ ಕೇಳದೆ ಅದೇ ಡಾಕ್ಟರ ಕೋಣೆಗೆ ನುಗ್ಗಿ, ಎದುರಿನ ಕುರ್ಚಿಯ ಮೇಲೆ ಗಂಡನನ್ನು ಕೂರಿಸಿ, ಹೊರಗೆ ಹೋಗಮ್ಮ ಎಂದರೂ ಹೋಗದೆ, ಮಜ್ಜಿಗೆ ಕೆಳಗಿಳಿಯಲಿ ಎಂದು ಅವರ ಪಕ್ಕದಲ್ಲೇ ನಿಂತೆ.