ಸಂಶೋಧನೆಗೆ ಅರ್ಜಿ ಹಾಕಿದ ವರ್ಷ

ಪುತ್ತೂರಿನ ಒಂದು ರಕ್ತಪರೀಕ್ಷೆಯ ಲ್ಯಾಬಿನಲ್ಲಿ ನಾನು ಕೆಲಸಕ್ಕೆ ಸೇರಿ ಆರು ವರ್ಷ ಆಗಿತ್ತು. ಕಡಬದಿಂದ ಬೆಳಿಗ್ಗೆಯ ಮೊದಲ ಬಸ್ಸಿನಲ್ಲಿ ಬಂದರೂ, ಖಾಲಿಹೊಟ್ಟೆಯಲ್ಲಿ ರಕ್ತ ಕೊಡಬೇಕಾದವರು ಆಗಲೇ ಬೆಂಚಿನ ಮೇಲೆ ಕೂತಿರುತ್ತಿದ್ದರು. ರಕ್ತ ತೆಗೆಯುವುದು, ಹೆಸರಿನ ಚೀಟಿ ಅಂಟಿಸುವುದು, ಯಂತ್ರಕ್ಕೆ ಕೊಡುವುದು, ವರದಿ ಮುದ್ರಿಸುವುದು. ಯಂತ್ರ ಹೇಳಿದ್ದರಲ್ಲಿ ಸಂಶಯ ಬಂದಾಗ ಮಾತ್ರ ಗಾಜಿನ ಮೇಲೆ ಒಂದು ಹನಿ ರಕ್ತ ಸವರಿ, ಬಣ್ಣ ಹಾಕಿ, ಮೈಕ್ರೋಸ್ಕೋಪಿನಲ್ಲಿ ನೋಡುವ ಕೆಲಸ ಸಿಗುತ್ತಿತ್ತು. ಇಡೀ ದಿನ ನಾನು ಕಾಯುತ್ತಿದ್ದದ್ದು ಆ ಹತ್ತು ನಿಮಿಷಕ್ಕೆ.

ಬಿ.ಎಸ್ಸಿ. ಮುಗಿದಾಗ ಮುಂದೆ ಓದುವ ಆಸೆ ಇತ್ತು. ಮನೆಯಲ್ಲಿ ಯಾರೂ ಬೇಡ ಅನ್ನಲಿಲ್ಲ. ಉಪ್ಪ, ಅಂದರೆ ನನ್ನ ಅಪ್ಪ, ಸೌದಿಯ ಕೆಲಸ ಬಿಟ್ಟು ಊರಿಗೆ ಬಂದ ವರ್ಷ ಅದು. ಲ್ಯಾಬ್ ಡಿಪ್ಲೊಮಾ ಮಾಡಿದರೆ ಬೇಗ ಕೆಲಸ ಸಿಗುತ್ತದೆ, ಅದೇ ಸಾಕು ಎಂದು ನಾನೇ ಹೇಳಿದೆ. ಹೇಳುವಾಗ ಅದು ದೊಡ್ಡ ಮಾತು ಅನಿಸಿರಲಿಲ್ಲ. ಆಮೇಲೆ ಬಸ್ಸಿನಲ್ಲಿ ಬಿಳಿ ಕೋಟು ಮಡಚಿ ತೊಡೆಯ ಮೇಲಿಟ್ಟುಕೊಂಡ ಕಾಲೇಜು ಹುಡುಗಿಯರನ್ನು ನೋಡಿದಾಗಲೆಲ್ಲ ಮುಖ ಕಿಟಕಿಯ ಕಡೆ ತಿರುಗಿಸುತ್ತಿದ್ದೆ.

ಲ್ಯಾಬಿನಲ್ಲಿ ಆರು ವರ್ಷ ಮುಗಿದ ಆ ವರ್ಷ ಹೈದರಾಬಾದಿನ ಒಂದು ಸಂಸ್ಥೆಯ ಪ್ರಕಟಣೆ ಫೋನಿನಲ್ಲಿ ಕಣ್ಣಿಗೆ ಬಿತ್ತು. ಬಯೋಮೆಡಿಕಲ್ ಸೈನ್ಸಿನಲ್ಲಿ ಎಂ.ಎಸ್ಸಿ., ಅದರ ಬೆನ್ನಿಗೇ ಪಿಎಚ್.ಡಿ. ವಯಸ್ಸಿನ ಮಿತಿ ಇರಲಿಲ್ಲ. ಮನೆಯಲ್ಲಿ ಹೇಳದೆ ಮಂಗಳೂರಿಗೆ ಹೋಗಿ ಪ್ರವೇಶ ಪರೀಕ್ಷೆ ಬರೆದೆ. ಪಾಸಾದೆ. ಸಂದರ್ಶನಕ್ಕೆ ಮೊದಲು ಇಬ್ಬರು ಬಲ್ಲವರ ಶಿಫಾರಸು ಪತ್ರ ಬೇಕಿತ್ತು. ಜೊತೆಗೆ, ಸಂಶೋಧನೆ ಯಾಕೆ ಮಾಡಬೇಕೆಂದಿದ್ದೀರಿ ಎಂದು ಒಂದು ಪುಟ ಬರೆಯಬೇಕಿತ್ತು.

ಒಂದು ಪತ್ರವನ್ನು ಲ್ಯಾಬಿನ ಡಾಕ್ಟರು ಅದೇ ದಿನ ಕಳಿಸಿದರು. ಇನ್ನೊಂದನ್ನು ಬರೆಯಬೇಕಾದವರು ಸುಳ್ಯದ ಕಾಲೇಜಿನಲ್ಲಿ ನಮಗೆ ಮೈಕ್ರೋಬಯಾಲಜಿ ಕಲಿಸಿದ ಮೇಡಂ. ಅವರು ನಿವೃತ್ತರಾಗಿ ಗುತ್ತಿಗಾರಿನ ಹತ್ತಿರ ತಮ್ಮನ ಮನೆಯಲ್ಲಿದ್ದರು. ಇಮೇಲ್ ಕಳಿಸಿದರೆ ಉತ್ತರ ಇಲ್ಲ, ಫೋನ್ ಮಾಡಿದರೆ ತಾಗುವುದಿಲ್ಲ. ಕೊನೆಯ ದಿನಕ್ಕೆ ಎರಡೇ ದಿನ ಉಳಿದಾಗ ರಜೆ ಹಾಕಿ, ಸುಬ್ರಹ್ಮಣ್ಯದಲ್ಲಿ ಬಸ್ಸು ಬದಲಿಸಿ ಹೋದೆ.

ಮೇಡಂ ಅಂಗಳದಲ್ಲಿ ಕಾಳುಮೆಣಸು ಒಣಗಲು ಹರಡುತ್ತಿದ್ದರು. ನನ್ನ ಗುರುತು ತಕ್ಷಣ ಹತ್ತಿತು.

"ನೀನಾ! ಸ್ಲೈಡಿಗೆ ಬಣ್ಣ ಜಾಸ್ತಿ ಹಾಕುದು ಬಿಟ್ಟಿದ್ದೀಯಾ?"

ವಿಷಯ ಹೇಳಿದೆ. ಅವರು ಕೈ ತೊಳೆದು ಬಂದು, ನಾನು ಬರೆದ ಪುಟವನ್ನು ಗಟ್ಟಿಯಾಗಿ ಓದಲು ಹೇಳಿದರು. ಬಾಲ್ಯದಿಂದಲೂ ವಿಜ್ಞಾನದಲ್ಲಿ ಆಸಕ್ತಿ, ಸಮಾಜಕ್ಕೆ ಸೇವೆ, ಹೀಗೆ ಸಾಗಿತ್ತು ಅದು. ಅರ್ಧದಲ್ಲೇ ನಿಲ್ಲಿಸಿದರು.

"ಇದು ಯಾರು ಬೇಕಾದ್ರೂ ಬರೀಬಹುದಲ್ಲ ಮಾರಾಯ್ತಿ. ಆರು ವರ್ಷ ಊರಿನವರ ರಕ್ತ ನೋಡಿದವಳು ನೀನು. ನಿನಗೆ ಅರ್ಥ ಆಗದ್ದು ಎಂತ ಉಂಟು, ಅದು ಹೇಳು."

ಪುಟವನ್ನು ಮಡಚಿಟ್ಟೆ. ಆಮೇಲೆ ಹಿಂದಿನ ಮಳೆಗಾಲದ ಒಂದು ವಾರದ ಕಥೆ ಹೇಳಿದೆ. ಐವರ್ನಾಡಿನ ಕಡೆಯ ರಬ್ಬರ್ ಟ್ಯಾಪಿಂಗ್ ಮಾಡುವ ಒಬ್ಬರು ಡೆಂಗ್ಯೂ ಜ್ವರದಲ್ಲಿ ಬಂದಿದ್ದರು. ಪ್ಲೇಟ್‌ಲೆಟ್ ತೀರಾ ಕೆಳಗಿಳಿದಿತ್ತು. ಯಂತ್ರವನ್ನು ನಂಬದೆ ನಾನೇ ಕೂತು ಎಣಿಸಿದರೂ ಅಷ್ಟೇ. ಆ ಮನುಷ್ಯ ನಿಂತುಕೊಂಡೇ, "ನಾಳೆ ಟ್ಯಾಪಿಂಗಿಗೆ ಹೋಗಬಹುದಾ?" ಎಂದು ಕೇಳಿದರು. ಅಡ್ಮಿಟ್ ಆಗಿ ನಾಲ್ಕು ದಿನದಲ್ಲಿ ಮನೆಗೆ ಹೋದರು. ಅದೇ ವಾರ ಬಂದ ಒಬ್ಬ ಕಾಲೇಜು ಹುಡುಗಿಗೆ ಅವರ ಮೂರು ಪಟ್ಟು ಪ್ಲೇಟ್‌ಲೆಟ್ ಇತ್ತು. ಅವಳನ್ನು ಆಂಬುಲೆನ್ಸಿನಲ್ಲಿ ಮಂಗಳೂರಿಗೆ ಒಯ್ಯಬೇಕಾಯಿತು. ಅವಳು ವಾಪಸು ಬರಲಿಲ್ಲ. ಇಬ್ಬರ ವರದಿಯನ್ನೂ ಮುದ್ರಿಸಿದವಳು ನಾನೇ. ಒಂದೇ ಸೊಳ್ಳೆಯ ಕಾಯಿಲೆ ಒಬ್ಬರನ್ನು ಬಿಟ್ಟು ಇನ್ನೊಬ್ಬರನ್ನು ಹಿಡಿಯುವುದು ಯಾಕೆ ಎಂಬುದು ಅಂದಿನಿಂದ ನನ್ನನ್ನು ಬಿಟ್ಟಿರಲಿಲ್ಲ.

"ಇದನ್ನೇ ಬರಿ," ಎಂದರು ಮೇಡಂ. "ಈಗಲೇ, ಇಲ್ಲಿಯೇ."

ಜಗಲಿಯಲ್ಲಿ ಕೂತು ಬರೆದೆ. ಅಷ್ಟರಲ್ಲಿ ಅವರು ಫೋನಿನಲ್ಲಿ ಒಂದೇ ಬೆರಳಿನಿಂದ ಪತ್ರ ಟೈಪ್ ಮಾಡಿದರು. ತುಂಬ ಹೊತ್ತು ಹಿಡಿಯಿತು. ನಾನು ಓದಲು ಬಗ್ಗಿದರೆ ಫೋನನ್ನು ಎದೆಗೆ ಒತ್ತಿಕೊಳ್ಳುತ್ತಿದ್ದರು. ಅದನ್ನು ಕಳಿಸಲು ಸಿಗ್ನಲ್ ಸಿಗುವ ಜಾಗ ಗುಡ್ಡದ ಮೇಲೆ, ರಬ್ಬರ್ ತೋಟದ ತುದಿಯಲ್ಲಿತ್ತು. ಅಲ್ಲಿಂದಾಚೆಗೆ ಕಾಡು.

"ಅಕ್ಕ, ಮೊನ್ನೆ ಆನೆ ಬಂದ ಜಾಗ ಅದು," ಎಂದು ಮೇಡಂನ ತಮ್ಮ ಒಳಗಿನಿಂದ ಕೂಗಿ ಹೇಳಿದರು.

"ಆನೆಗೆ ಹಗಲು ಬೇರೆ ಕೆಲಸ ಉಂಟು," ಎಂದು ಮೇಡಂ ಚಪ್ಪಲಿ ಮೆಟ್ಟಿದರು.

ಹತ್ತುವಾಗ ಎರಡು ಸಲ ನಿಂತು ಉಸಿರು ತೆಗೆದುಕೊಂಡರು. ಎರಡನೇ ಸಲ ನಿಂತಾಗ, ನಾನು ಕೇಳದೆಯೇ ಹೇಳಿದರು:

"ನನಗೂ ಸೀಟು ಸಿಕ್ಕಿತ್ತು, ಗೊತ್ತುಂಟಾ? ಪುಣೆಯಲ್ಲಿ. ಅಪ್ಪನಿಗೆ ಹುಷಾರಿರ್ಲಿಲ್ಲ. ಒಂದು ವರ್ಷ ಪಾಠ ಮಾಡಿ ಮತ್ತೆ ಹೋಗುದು ಅಂತ ಕಾಲೇಜಿಗೆ ಸೇರಿದ್ದು."

"ಬೇಜಾರು ಉಂಟಾ ಮೇಡಂ?"

"ಇಲ್ಲ ಅಂದ್ರೆ ಸುಳ್ಳಾಗ್ತದೆ," ಎಂದು ಮತ್ತೆ ಹತ್ತತೊಡಗಿದರು.

ಮೇಲೆ ಅವರು ಫೋನ್ ಎತ್ತಿ ಹಿಡಿದು ನಿಂತರು. ಪತ್ರ ಹೋಯಿತು ಎಂದು ಪರದೆಯಲ್ಲಿ ಬಂದಾಗ ಇಬ್ಬರೂ ಒಟ್ಟಿಗೆ ನಕ್ಕೆವು. ಆನೆ ಬರಲಿಲ್ಲ.

ಮನೆಗೆ ಬಂದು ಉಮ್ಮನಿಗೆ ಎಲ್ಲ ಹೇಳಿದೆ. ಸಿಟ್ಟು ಬರಬಹುದು ಅಂದುಕೊಂಡಿದ್ದೆ. ಉಮ್ಮ ನಮ್ಮ ಬ್ಯಾರಿ ಭಾಷೆಯಲ್ಲಿ ಕೇಳಿದ್ದು ಇಷ್ಟೇ: "ಅಲ್ಲಿ ಚಳಿ ಉಂಟಾ?"

ಸಂದರ್ಶನ ಕಂಪ್ಯೂಟರಿನಲ್ಲೇ ನಡೆಯಿತು. ಡಾಕ್ಟರು ತಮ್ಮ ಕೋಣೆ ಬಿಟ್ಟುಕೊಟ್ಟಿದ್ದರು. ಪರದೆಯ ಮೇಲೆ ಮೂವರು ಇದ್ದರು. ಅವರಲ್ಲಿ ಒಬ್ಬರು ನನ್ನ ಪುಟ ಓದಿದ್ದರು. ಒಳ್ಳೆಯ ಪ್ರಶ್ನೆ, ಆದರೆ ಇದಕ್ಕೆ ಉತ್ತರ ಹುಡುಕುವುದು ಹೇಗೆ, ಮೊದಲ ಪ್ರಯೋಗ ಯಾವುದು ಮಾಡುತ್ತೀರಿ, ಎಂದು ಕೇಳಿದರು. ನನಗೆ ಗೊತ್ತಿರಲಿಲ್ಲ. ಅದನ್ನು ಕಲಿಯಲಿಕ್ಕೇ ತಾನೆ ಬರುತ್ತೇನೆ ಎಂದದ್ದು! ಆ ಮಾತು ಬಾಯಿಗೆ ಬರಲಿಲ್ಲ. ಹಳೆಯ ಪಠ್ಯದಲ್ಲಿದ್ದ ಎರಡು ಮೂರು ಪರೀಕ್ಷೆಗಳ ಹೆಸರು ಹೇಳಿದೆ.

ಕಾಯುವವರ ಪಟ್ಟಿಯಲ್ಲಿ ನನ್ನದು ನಾಲ್ಕನೆಯ ಹೆಸರು. ಎರಡು ತಿಂಗಳು ಬಸ್ಸಿನಲ್ಲಿ, ಊಟದ ಹೊತ್ತಿನಲ್ಲಿ, ಕೈ ತೊಳೆದು ಒರೆಸುವ ಮೊದಲೇ ಫೋನಿನಲ್ಲಿ ಆ ಪಟ್ಟಿ ತೆರೆದು ನೋಡುತ್ತಿದ್ದೆ. ಮೊದಲನೆಯವರನ್ನು ಕರೆದರು, ಎರಡನೆಯವರನ್ನು ಕರೆದರು. ಅಲ್ಲಿಗೆ ಮುಗಿಯಿತು.

ಮಾರನೆಯ ಮಳೆಗಾಲ, ಡೆಂಗ್ಯೂ ಮತ್ತೆ ಜೋರಾಗಿದ್ದಾಗ, ಬೇರೊಂದು ಊರಿನ ಸಂಶೋಧನಾ ತಂಡದವಳು ನಮ್ಮ ಲ್ಯಾಬಿಗೆ ಬಂದಳು. ನನಗಿಂತ ಚಿಕ್ಕವಳು. ಒಪ್ಪಿಗೆ ಕೊಟ್ಟ ರೋಗಿಗಳ ರಕ್ತದ ಮಾದರಿ ಅವಳಿಗೆ ಬೇಕಿತ್ತು. ಮೂರು ದಿನ ನಾನೇ ರಕ್ತ ತೆಗೆದು, ಚೀಟಿ ಅಂಟಿಸಿ, ಐಸ್ ಪೆಟ್ಟಿಗೆಯಲ್ಲಿ ಜೋಡಿಸಿ ಕೊಟ್ಟೆ. ಇದರಿಂದ ಎಂತ ನೋಡುತ್ತೀರಿ ಎಂದು ಕೇಳಿದೆ. ಅವಳು ಹೇಳುತ್ತಾ ಹೋದಳು. ನಾನು ಕೇಳುತ್ತಾ ಹೋದೆ, ಬೆಂಚಿನಲ್ಲಿ ಜನ ಕಾಯುತ್ತಿರುವುದೂ ಮರೆತಿತ್ತು.

"ನೀವ್ಯಾಕೆ ಅಪ್ಲೈ ಮಾಡಬಾರದು ಮೇಡಂ?" ಎಂದಳು ಹೊರಡುವಾಗ.

"ಮಾಡಿದ್ದೆ," ಎಂದೆ. "ಮತ್ತೆ ಮಾಡ್ತೇನೆ."

ಎರಡನೆಯ ಮಾತು ಹೇಗೆ ಬಂತೋ ತಿಳಿಯಲಿಲ್ಲ. ಅವಳ ಕಾರು ಹೊರಟಿತು. ಹಿಂದಿನ ಸೀಟಿನಲ್ಲಿ ಆ ಪೆಟ್ಟಿಗೆಗೆ ಬೆಲ್ಟು ಹಾಕಿ ಕೂರಿಸಿದ್ದಳು. ಅದರೊಳಗೆ ನಾನು ತುಂಬಿಸಿದ ಕೊಳವೆಗಳು, ನನ್ನ ಕೈಬರಹದ ಚೀಟಿಗಳು, ನಾನು ನೋಡದ ಊರಿಗೆ ಹೋಗುತ್ತಿದ್ದವು. ಕಾರು ತಿರುವು ದಾಟುವವರೆಗೂ ಮೆಟ್ಟಿಲ ಮೇಲೆ ನಿಂತಿದ್ದೆ. ಒಳಗಿನಿಂದ ಯಾರೋ, "ಮೇಡಂ, ನನ್ನದು ಖಾಲಿಹೊಟ್ಟೆ," ಎಂದು ಕರೆದರು.