ಪೆನ್ನು ಕೊಡುವ ಮೊದಲು

ಮೂಡುಬಿದಿರೆಯ ಆಸ್ಪತ್ರೆಯಲ್ಲಿ ಆಪರೇಷನ್ನಿನ ಒಪ್ಪಿಗೆಯ ಕಾಗದ ತರುತ್ತಿದ್ದ ಒಬ್ಬರು ನರ್ಸ್ ಪೆನ್ನನ್ನು ಮಾತ್ರ ಬೇಗ ಕೊಡುತ್ತಿರಲಿಲ್ಲ. “ಮೊದಲು ಅವರತ್ರ ಕೇಳುವ” ಎಂದು ರೋಗಿಯ ಕಡೆ ತೋರಿಸುತ್ತಿದ್ದರು.

ನನ್ನಮ್ಮನಿಗೆ ಮರೆವಿನ ಕಾಯಿಲೆ. ನನ್ನ ಗುರುತೂ ಇರಲಿಲ್ಲ. ಕೊಳೆತ ಕಾಲನ್ನು ಸಂಜೆಯೊಳಗೆ ತೆಗೆಯದಿದ್ದರೆ ಜೀವ ಉಳಿಯದು ಎಂದಿದ್ದರು ಡಾಕ್ಟರು. ನಮ್ಮಲ್ಲಿ ಸೋದರಮಾವ ಹೇಳದೆ ಯಾವುದೂ ನಡೆಯದು. ಮಧ್ಯಾಹ್ನದವರೆಗೂ ಫೋನಿಗೆ ಸಿಗದ ಮಾವ ಕೊನೆಗೆ ನಾರಾವಿಯಿಂದ, “ಸಹಿ ಹಾಕು ಮಾರಾಯ” ಎಂದರು. ನಾನು ಪೆನ್ನಿಗೆ ಕೈಚಾಚಿದೆ.

“ಮೊದಲು ಅವರತ್ರ ಕೇಳುವ.”

“ಅಮ್ಮನಿಗೆ ಗೊತ್ತಾಗುದಿಲ್ಲ ಸಿಸ್ಟರ್. ಹೊತ್ತು ಹೋಗ್ತಾ ಉಂಟು.”

ಅವರು ಅಮ್ಮನ ಪಕ್ಕ ಕುಳಿತು, ಆ ಕಾಲನ್ನು ಮುಟ್ಟಿ, ಇದನ್ನು ತೆಗೆಯಬೇಕು, ಆಗಬಹುದಾ ಎಂದು ತುಳುವಿನಲ್ಲಿ ನಿಧಾನವಾಗಿ ಕೇಳಿದರು. ಅಮ್ಮ ಹೊದಿಕೆ ಎಳೆದು ಕಾಲು ಮುಚ್ಚಿಕೊಂಡಳು.

ನರ್ಸ್ ಪೆನ್ನು ಕೊಟ್ಟರು. “ಅವರಿಗೆ ಮನಸ್ಸಿಲ್ಲ. ಆದ್ರೂ ಜೀವ ಉಳಿಯಬೇಕಲ್ಲ, ಈಗ ಹಾಕಿ. ಅವರನ್ನು ನೋಡಿ ಹಾಕಿ.”

ಹಾಕಿದೆ. ಅಮ್ಮ ಉಳಿದಳು. ಈಗಲೂ ಆ ಕಾಲಿದ್ದ ಜಾಗಕ್ಕೆ ಹೊದಿಕೆ ಎಳೆಯುತ್ತಾಳೆ. ಮೈ ಒರೆಸಲು ಅದನ್ನು ಸರಿಸುವ ಮೊದಲು ನಾನು ಅವಳತ್ರ ಕೇಳುತ್ತೇನೆ.