ಮೀನು ಬಿಡಬೇಕಿದ್ದ ಕಂಪ್ಯೂಟರ್

ತೊಂಬತ್ತರ ದಶಕದ ಕೊನೆಯಲ್ಲಿ ಮುಂಬಯಿ ಪಕ್ಕದ ಠಾಣೆ ಊರಿನ ನಮ್ಮ ಆಫೀಸಿಗೆ ಬಣ್ಣದ ಪರದೆಯ ಕಂಪ್ಯೂಟರುಗಳು ಬಂದವು. ಹಳೆಯದೊಂದನ್ನು ನಾನು ಕೇಳಿ ಡೊಂಬಿವಲಿಯ ಮನೆಗೆ ತಂದೆ. ಕಪ್ಪು ಪರದೆ, ಹಸಿರು ಅಕ್ಷರ, ಮೌಸ್ ಇಲ್ಲ. ಟೈಪಿಸ್ಟಾಗಿ ಸೇರಿದ್ದ ನಾನು ಕಂಪ್ಯೂಟರ್ ಕಲಿತದ್ದು ಅದರ ಮೇಲೆಯೇ. ತಪ್ಪು ಅಕ್ಷರವನ್ನು ಕಾಗದ ಕೆಡಿಸದೆ ಅಳಿಸಬಹುದೆಂದು ಗೊತ್ತಾದ ದಿನ, ಬೇಕೆಂದೇ ತಪ್ಪು ಮಾಡಿ ಮಾಡಿ ಅಳಿಸಿದ್ದೆ. ಅದನ್ನು ಗುಜರಿಗೆ ಕಳಿಸಲು ಮನಸ್ಸು ಬರಲಿಲ್ಲ.

ನಮ್ಮದು ಒಂದು ಕೋಣೆ, ಒಂದು ಅಡುಗೆಮನೆ. ಊಟದ ಮೇಜು ಕಂಪ್ಯೂಟರಿನ ಪಾಲಾಯಿತು, ನಾವು ನೆಲಕ್ಕಿಳಿದೆವು. ಉಡುಪಿ ಕಡೆಯ ನನ್ನ ಗಂಡ ಸ್ವಲ್ಪ ದಿನ ಸಹಿಸಿಕೊಂಡರು. ಆಮೇಲೆ ಹೇಳಿದರು:

"ಮಾರಾಯ್ತಿ, ಇದರ ಹೊಟ್ಟೆ ಖಾಲಿ ಮಾಡಿ ಗಾಜು ಕೂರಿಸುವ. ಒಳಗೆ ಮೀನು ಬಿಡುವ. ಚಂದ ಕಾಣ್ತದೆ."

"ಚೆನ್ನಾಗಿ ನಡೀತಿರೋ ಮಷೀನು ರೀ ಅದು!"

"ಯಾರಿಗೆ ನಡೀತಾ ಉಂಟು? ನೀನು ದಿನಾ ಧೂಳು ಒರೆಸ್ತಿ, ಅಷ್ಟೇ."

ಆಗಲೂ ಒರೆಸುವ ಬಟ್ಟೆ ನನ್ನ ಕೈಯಲ್ಲೇ ಇತ್ತು. ಆದರೂ ಗಟ್ಟಿಮುಟ್ಟಾಗಿರುವುದನ್ನು ಬಗೆದು ತೊಟ್ಟಿ ಮಾಡುವುದು ಅನ್ಯಾಯ ಎನ್ನಿಸುತ್ತಿತ್ತು.

ಅಷ್ಟರಲ್ಲಿ ಒಂದು ಭಾನುವಾರ ಗೆಳತಿಯೊಬ್ಬಳು ಬಂದಳು. ಗುಲಬರ್ಗಾ ಕಡೆಯವಳು, ಘಣಸೋಲಿಯಲ್ಲಿ ಅಂಗಡಿಗಳಿಗೆ ಬೋರ್ಡು ಮಾಡಿಕೊಡುತ್ತಿದ್ದಳು. ಸ್ಟಿಕರ್ ಹಾಳೆಯಿಂದ ಅಕ್ಷರ ಕತ್ತರಿಸುವ ಯಂತ್ರ ಅವಳಲ್ಲಿತ್ತು. ಅದನ್ನು ನಡೆಸುತ್ತಿದ್ದ ಹಳೆಯ ಕಂಪ್ಯೂಟರ್ ಸುಟ್ಟುಹೋಗಿತ್ತು. ಹೊಸದನ್ನು ಜೋಡಿಸಿದರೆ ಅದರ ವೇಗಕ್ಕೆ ಹಳೆಯ ಪ್ರೋಗ್ರಾಮ್ ತಾಳ ತಪ್ಪಿ, ಅಕ್ಷರಗಳು ಅಡ್ಡಾದಿಡ್ಡಿಯಾಗಿ ಕತ್ತರಿಸಿಕೊಂಡು ಬರುತ್ತಿದ್ದವಂತೆ.

ಮೇಜಿನ ಕಡೆ ನೋಡಿದವಳೇ ಚಹದ ಕಪ್ಪು ಕೆಳಗಿಟ್ಟಳು.

"ಅಕ್ಕಾ, ನಂದೂ ಹಿಂತಾದ್ದೇ ಇತ್ತು! ಒಳಗಿನ ದೊಡ್ಡ ಸರ್ಕ್ಯೂಟ್ ಪ್ಲೇಟ್ ಬಿಚ್ಚಿ ಕೊಡ್ರಿ. ಧಂದಾ ಬಂದ್ ಆಗ್ಯದ."

"ಬಿಚ್ಚಿದ್ರೆ ಇದು ಸತ್ತೇ ಹೋಗತ್ತಲ್ಲೇ."

"ಈಗೇನು ಜಿಂದಾ ಅದ ಅಕ್ಕಾ? ಸುಮ್ಮ ಕುಂತದ."

ಗಂಡ ಮುಸಿಮುಸಿ ನಕ್ಕರು. ನಾನು ಪರದೆಯ ಮೇಲೆ ಕೈಯಿಟ್ಟು ನಿಂತೆ. ಮೀನಿಗೂ ಬೇಡ, ನನ್ನ ಒರೆಸುವ ಬಟ್ಟೆಗೂ ಬೇಡ, ಇದು ಕಲಿತ ಕೆಲಸವನ್ನೇ ಮಾಡಲಿ ಎನ್ನಿಸಿತು.

"ಬಿಚ್ಚೋದು ಬೇಡ," ಎಂದೆ. "ಇಡಿಯಾಗಿ ತಗೊಂಡು ಹೋಗು."

ಗಂಡ ಅದನ್ನು ನನ್ನ ಹಳೆಯ ಸೀರೆಯಲ್ಲಿ ಸುತ್ತಿದರು. ಠಾಣೆಯವರೆಗೆ ಲೋಕಲ್ ರೈಲು, ಅಲ್ಲಿಂದ ಬಸ್ಸು. ಮೂವರೂ ಹೊರಟೆವು. ಗಾಡಿಯಲ್ಲಿ ಎದುರಿಗಿದ್ದವರೊಬ್ಬರು, "ಟೀವಿ ಹೈ ಕ್ಯಾ, ಭಾಯ್‌ಸಾಬ್?" ಎಂದು ಕೇಳಿದರು.

"ಕಂಪ್ಯೂಟರ್ ಹೈ," ಎಂದ ಗಂಡ, ಗಂಟನ್ನು ಇನ್ನಷ್ಟು ಬಿಗಿಯಾಗಿ ಅಪ್ಪಿಕೊಂಡು ಸೇರಿಸಿದರು: "ಚಾಲೂ ಹೈ!"

ಘಣಸೋಲಿಯ ಅವಳ ಪುಟ್ಟ ಅಂಗಡಿಯಲ್ಲಿ ತಂತಿ ಜೋಡಿಸಿ, ಅವಳ ಫ್ಲಾಪಿ ಹಾಕಿದೆವು. ಹಸಿರು ಅಕ್ಷರ ಮೂಡಿತು. ಯಂತ್ರದ ಕತ್ತಿ ಸರ್ರನೆ ಓಡಿ, ಯಾವುದೋ ಚಹದಂಗಡಿಯ ಹೆಸರು ಕೆಂಪು ಹಾಳೆಯಿಂದ ಒಂದೂ ಅಂಚು ಹರಿಯದೆ ಎದ್ದು ಬಂತು. ಗೆಳತಿ ನನ್ನನ್ನು ತಬ್ಬಿಕೊಂಡು ಕುಣಿದಳು. ನನಗೆ ಖುಷಿಯೋ ಖುಷಿ. ಕುರ್ಚಿ ಎಳೆದುಕೊಂಡು ಕೂತು ಇನ್ನೊಂದು ಹೆಸರು ಕುಟ್ಟಿದೆ, ಮತ್ತೊಂದು ಕುಟ್ಟಿದೆ.

"ಏಳ್ರಿ ಅಕ್ಕಾ," ಎಂದಳು ಅವಳು ಕೊನೆಗೆ. "ಗಿರಾಕಿ ನಿಂತಾರ."